ಮುಟ್ಟು ನಿಲ್ಲುವ ಕಾಲ: ಯಾವುದು ಇದ್ದದ್ದೇ, ಯಾವುದು ಅಲ್ಲ

"ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ ಕಣೆ." ನಲವತ್ತು ದಾಟಿದ ಹೆಂಗಸು ಯಾವ ತೊಂದರೆ ಹೇಳಿಕೊಂಡರೂ ಸಿಗುವ ಉತ್ತರ ಇದು. ರಾತ್ರಿ ನಿದ್ದೆ ಬರುತ್ತಿಲ್ಲ ಅಂದರೂ ಇದೇ. ಹಾಸಿಗೆ ತೊಯ್ಯುವಷ್ಟು ರಕ್ತ ಹೋಗುತ್ತಿದೆ ಅಂದರೂ ಇದೇ. ಅಮ್ಮ ಹೇಳುತ್ತಾರೆ, ಅತ್ತೆ ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ. ಕೆಲವು ಸಲ ಡಾಕ್ಟರೂ ಹಾಗೇ ಹೇಳಿ ಕಳಿಸುತ್ತಾರೆ.

ಮುಟ್ಟು ನಿಲ್ಲುವುದು ಕಾಯಿಲೆಯಲ್ಲ, ನಿಜ. ಆದರೆ ಆ ಕಾಲದಲ್ಲಿ ಬರುವುದೆಲ್ಲ ಇದ್ದದ್ದೇ ಅಲ್ಲ. ಕೆಲವು ತಾನಾಗಿ ಹೋಗುತ್ತವೆ. ಕೆಲವು ಬಿಟ್ಟಷ್ಟೂ ಜಾಸ್ತಿಯಾಗುತ್ತವೆ. ಒಂದೆರಡಕ್ಕೆ ಅದೇ ವಾರ ಆಸ್ಪತ್ರೆಗೆ ಹೋಗಬೇಕು. ಇವನ್ನು ಬೇರೆ ಬೇರೆ ಮಾಡಿ ನೋಡುವುದು ಹೇಗೆ ಅಂತ ನನಗೆ ನಲವತ್ತೈದರಲ್ಲಿ ಯಾರೂ ಹೇಳಲಿಲ್ಲ. ಈಗ ನನಗೆ 54. ಆಗ ಗೊತ್ತಿದ್ದರೆ ಚೆನ್ನಾಗಿತ್ತು ಅನಿಸಿದ್ದನ್ನೆಲ್ಲ ಒಂದೊಂದಾಗಿ ಬರೆಯುತ್ತಿದ್ದೇನೆ.

1. ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡಿ

ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಿ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯುತ್ತೀರಿ. ಅದರ ಪಕ್ಕದಲ್ಲೇ ಮುಟ್ಟಾದ ದಿನಕ್ಕೆ ಒಂದು ಚುಕ್ಕೆ ಇಡಿ. ಜಾಸ್ತಿ ಹೋದ ದಿನ ಎರಡು ಚುಕ್ಕೆ. ಮನೆಯವರು ನೋಡುತ್ತಾರೆ ಅಂತ ಸಂಕೋಚವಾದರೆ ಸಣ್ಣ ಡೈರಿಯಲ್ಲೋ ಮೊಬೈಲಿನಲ್ಲೋ ಬರೆದಿಡಿ. ಮೈ ಬಿಸಿಯಾದದ್ದು, ನಿದ್ದೆಗೆಟ್ಟದ್ದು, ವಿನಾಕಾರಣ ಅಳು ಬಂದದ್ದು, ಎಲ್ಲವನ್ನೂ ಎರಡೆರಡು ಪದದಲ್ಲಿ ಗುರುತು ಮಾಡಿ.

ಇದು ಸುಮ್ಮನೆ ಹೇಳುವ ಮಾತಲ್ಲ. 45 ದಾಟಿದ ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲ ಬಂದಿದೆಯಾ ಅಂತ ತಿಳಿಯಲು ಸಾಮಾನ್ಯವಾಗಿ ಹಾರ್ಮೋನಿನ ರಕ್ತಪರೀಕ್ಷೆ ಬೇಕಾಗುವುದೇ ಇಲ್ಲ. ಆ ದಿನಗಳಲ್ಲಿ ಹಾರ್ಮೋನ್ ಇವತ್ತು ಒಂದು ಥರ, ಮುಂದಿನ ವಾರ ಇನ್ನೊಂದು ಥರ ಇರುತ್ತದೆ. ಒಂದು ದಿನದ ರಕ್ತಕ್ಕಿಂತ ಆರು ತಿಂಗಳ ಚುಕ್ಕೆಗಳು ಡಾಕ್ಟರಿಗೆ ಜಾಸ್ತಿ ಹೇಳುತ್ತವೆ.

2. ಯಾವ ಹಂತದಲ್ಲಿದ್ದೀರಿ ನೋಡಿಕೊಳ್ಳಿ

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ ಹತ್ತಿಪ್ಪತ್ತು ಲಕ್ಷ ಅಂಡಗಳಿರುತ್ತವೆ. ಆಮೇಲೆ ಹೊಸದು ಸೇರುವುದಿಲ್ಲ, ಇರುವುದೇ ಕರಗುತ್ತಾ ಬರುತ್ತದೆ. ಕೊನೆಕೊನೆಗೆ ಕೆಲವು ತಿಂಗಳು ಅಂಡ ಬಿಡುಗಡೆಯೇ ಆಗುವುದಿಲ್ಲ. ಆಗ ಮುಟ್ಟನ್ನು ನಡೆಸುವ ಎರಡು ಹಾರ್ಮೋನುಗಳಲ್ಲಿ ಈಸ್ಟ್ರೋಜೆನ್ ಏರಿಳಿಯುತ್ತದೆ, ಪ್ರೊಜೆಸ್ಟರಾನ್ ಸಾಲುವುದಿಲ್ಲ. ಮುಟ್ಟಿನ ಲೆಕ್ಕ ತಪ್ಪುವುದು ಅದಕ್ಕೇ.

ಮೊದಲ ಹಂತ ಪೆರಿಮೆನೊಪಾಸ್, ಅಂದರೆ ನಿಲ್ಲುವ ಮುಂಚಿನ ವರ್ಷಗಳು. ಶುರುವಿನಲ್ಲಿ ಒಂದು ಮುಟ್ಟಿಗೂ ಮುಂದಿನದಕ್ಕೂ ಇರುವ ಅಂತರ ಏಳು ದಿನ ಅಥವಾ ಅದಕ್ಕಿಂತ ಜಾಸ್ತಿ ಹಿಂದೆಮುಂದೆ ಆಗುತ್ತದೆ. ಒಂದು ತಿಂಗಳು 24 ದಿನಕ್ಕೆ, ಮುಂದಿನ ಸಲ 35 ದಿನಕ್ಕೆ, ಹೀಗೆ. ಆಮೇಲೆ ಅಂತರ 60 ದಿನ ದಾಟಲು ಶುರುವಾದರೆ ಕೊನೆಯ ಮುಟ್ಟಿಗೆ ಸಾಮಾನ್ಯವಾಗಿ ಇನ್ನು ಒಂದರಿಂದ ಮೂರು ವರ್ಷ. ಮೈ ಬಿಸಿಯಾಗುವುದು ಜೋರಾಗುವುದೂ ಆಗಲೇ.

ಎರಡನೆಯದು ಮೆನೊಪಾಸ್, ನಾವು ಋತುಬಂಧ ಅನ್ನುವುದು. ಪೂರ್ತಿ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ನಿಂತಿತು ಅಂತ ಲೆಕ್ಕ. ಹನ್ನೊಂದನೇ ತಿಂಗಳಲ್ಲಿ ಮತ್ತೆ ಆದರೆ ಎಣಿಕೆ ಮೊದಲಿನಿಂದ ಶುರು. ಭಾರತದ ಹೆಂಗಸರಿಗೆ ಇದು ಸರಾಸರಿ 46-47ಕ್ಕೆ ಬರುತ್ತದೆ, ಪಾಶ್ಚಾತ್ಯ ದೇಶಗಳಲ್ಲಿ 51ರ ಹೊತ್ತಿಗೆ. ಆಚೆಗಿನ ಬದುಕೆಲ್ಲ ಮೂರನೇ ಹಂತ.

ವಯಸ್ಸಿನ ವಿಷಯದಲ್ಲಿ ಒಂದು ಎಚ್ಚರ. 40ಕ್ಕೆ ಮುಂಚೆಯೇ ಮುಟ್ಟು ನಿಂತರೆ ಅದನ್ನು "ಬೇಗ ಮುಗೀತು, ಒಳ್ಳೇದಾಯ್ತು" ಅಂತ ಬಿಡಬಾರದು. ಪರೀಕ್ಷೆ ಮಾಡಿಸಬೇಕು. ಮೂಳೆ ಮತ್ತು ಹೃದಯ ಕಾಯಲು ಅಂಥವರಿಗೆ ಸಾಮಾನ್ಯವಾಗಿ 50ರ ತನಕ ಹಾರ್ಮೋನ್ ಕೊಡುತ್ತಾರೆ. ಆಪರೇಷನ್ನಿನಲ್ಲಿ ಎರಡೂ ಅಂಡಾಶಯ ತೆಗೆದಿದ್ದರೆ ಯಾವ ವಯಸ್ಸಿನಲ್ಲಾದರೂ ಋತುಬಂಧ ರಾತ್ರೋರಾತ್ರಿ ಬಂದುಬಿಡುತ್ತದೆ. ಅವರ ಕಷ್ಟವೂ ಹೆಚ್ಚು.

ಇನ್ನೊಂದು ವಿಷಯ. ಮುಟ್ಟು ತಪ್ಪುತ್ತಿದ್ದರೂ ಗರ್ಭ ನಿಲ್ಲಬಹುದು. ಮಕ್ಕಳಾಗದ ಆಪರೇಷನ್ ಆಗಿರದಿದ್ದರೆ, 50 ದಾಟಿದವರು ಕೊನೆಯ ಮುಟ್ಟಿನಿಂದ ಒಂದು ವರ್ಷ, ಅದಕ್ಕಿಂತ ಚಿಕ್ಕವರು ಎರಡು ವರ್ಷ ಗರ್ಭನಿರೋಧಕ ಬಿಡಬಾರದು.

3. ಜಾಸ್ತಿ ರಕ್ತ ಹೋದರೆ ಸಹಿಸಿಕೊಂಡು ಕೂರಬೇಡಿ

ನಿಲ್ಲುವ ಮುಂಚೆ ಸ್ವಲ್ಪ ಜಾಸ್ತಿ ಹೋಗುವುದುಂಟು. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆದು, ತಡವಾಗಿ, ಒಟ್ಟಿಗೆ ಕಳಚಿಕೊಳ್ಳುತ್ತದೆ. ಆದರೆ "ಸ್ವಲ್ಪ ಜಾಸ್ತಿ"ಗೂ ಒಂದು ಗೆರೆ ಇದೆ. ಗಂಟೆಗೋ ಎರಡು ಗಂಟೆಗೋ ಒಂದು ಪ್ಯಾಡ್ ತೊಯ್ದು ಹೋಗುವುದು, ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ರಕ್ತದ ಗಡ್ಡೆ ಬೀಳುವುದು, ಏಳು ದಿನ ದಾಟಿದರೂ ನಿಲ್ಲದಿರುವುದು, ಎರಡು ಮುಟ್ಟಿನ ನಡುವೆ ಅಥವಾ ಗಂಡ ಹೆಂಡಿರ ಸಂಪರ್ಕದ ನಂತರ ರಕ್ತ ಕಾಣುವುದು. ಇವುಗಳಲ್ಲಿ ಯಾವುದಿದ್ದರೂ ತೋರಿಸಬೇಕು.

ನನ್ನ ತಂಗಿ ಎರಡು ವರ್ಷ ಹೀಗೇ ಎಳೆದಳು. ಮೆಟ್ಟಿಲು ಹತ್ತಿದರೆ ನಡುವೆ ನಿಂತು ಕಂಬಿ ಹಿಡಿದುಕೊಳ್ಳುತ್ತಿದ್ದಳು. ಒಂದು ದಿನ ಅವಳ ಉಗುರು ನೋಡಿದೆ, ಬೆಳ್ಳಗೆ ಕಾಗದದ ಹಾಗಿತ್ತು. ಹಿಮೋಗ್ಲೋಬಿನ್ 6.8 ಬಂತು. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಅವಳು ಅಷ್ಟು ದಿನವೂ ಸುಸ್ತನ್ನು "ವಯಸ್ಸಾಯ್ತಲ್ಲ" ಅಂತಲೇ ಅಂದುಕೊಂಡಿದ್ದಳು.

ಹಿಮೋಗ್ಲೋಬಿನ್ ಜೊತೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಏರುಪೇರಾದರೂ ಮುಟ್ಟು ತಪ್ಪುತ್ತದೆ, ಸುಸ್ತು, ಬೆವರು, ಕೂದಲು ಉದುರುವುದು ಎಲ್ಲ ಹೀಗೇ ಇರುತ್ತದೆ. ಡಾಕ್ಟರ್ ಹೇಳಿದರೆ ಸ್ಕ್ಯಾನಿಂಗ್. ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ, ಟೀ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕ ಒಳ್ಳೆಯದು.

ಈಗ ನಾನು ಗಟ್ಟಿಯಾಗಿ ಹೇಳಬೇಕಾದ ಮಾತು. ಜಾಸ್ತಿ ಹೋಗುತ್ತಿದೆ ಅಂದ ಕೂಡಲೇ "ಹೇಗೂ ಮಕ್ಕಳಾಗಿವೆ, ಗರ್ಭಚೀಲ ತೆಗೆಸಿಬಿಡಿ" ಅನ್ನುವವರು ಇದ್ದಾರೆ. ಬೇಡದಿದ್ದರೂ ಗರ್ಭಕೋಶ ತೆಗೆಯುವ ಆಪರೇಷನ್‌ಗಳು ನಮ್ಮ ದೇಶದಲ್ಲಿ ಎಷ್ಟು ನಡೆದಿವೆಯೆಂದರೆ, ಅವುಗಳ ಮೇಲೆ ನಿಗಾ ಇಡುವ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಯಿತು. ಕ್ಯಾನ್ಸರಿಗೆ, ಬೇರೆ ಯಾವುದರಿಂದಲೂ ಬಗ್ಗದ ಗಡ್ಡೆಗೆ ಆ ಆಪರೇಷನ್ ಬೇಕೇ ಬೇಕು. ಉಳಿದವರು ಒಪ್ಪುವ ಮುಂಚೆ ಕೇಳಿ: ರಕ್ತ ಕಡಿಮೆ ಮಾಡುವ ಮಾತ್ರೆ ನೋಡಬಹುದಾ? ಪ್ರೊಜೆಸ್ಟರಾನ್ ಮಾತ್ರೆ? ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ? ಫೈಬ್ರಾಯ್ಡ್, ಅಂದರೆ ಗರ್ಭಕೋಶದಲ್ಲಿ ಬೆಳೆಯುವ ಕ್ಯಾನ್ಸರ್ ಅಲ್ಲದ ಗಡ್ಡೆ, ಇದ್ದರೆ ಮುಟ್ಟು ನಿಂತ ಮೇಲೆ ಅದು ತಾನೇ ಕುಗ್ಗುವುದು ಸಾಮಾನ್ಯ, ಅಲ್ಲಿಯ ತನಕ ತಳ್ಳಬಹುದಾ? ಅಂಡಾಶಯ ಉಳಿಸುತ್ತೀರಾ? ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ನನ್ನ ತಂಗಿಗೆ ಒಬ್ಬರು ಆಪರೇಷನ್ ದಿನವನ್ನೇ ಬರೆದುಕೊಟ್ಟಿದ್ದರು. ಎರಡನೆಯವರು ಮಾತ್ರೆ ಮತ್ತು ಹಾರ್ಮೋನ್ ಸಾಧನದಲ್ಲೇ ಸರಿಮಾಡಿದರು.

4. ಮೈ ಬಿಸಿ, ಬೆವರು, ನಿದ್ದೆ

ನನಗೆ ಮೊದಲ ಸಲ ಆದದ್ದು ಡಿಸೆಂಬರಿನಲ್ಲಿ, ಹಾಸನದಿಂದ ಬರುವ ಬೆಳಗಿನ ಬಸ್ಸಿನಲ್ಲಿ. ಹೊರಗೆ ಮಂಜು. ಎಲ್ಲರೂ ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಎದೆಯಿಂದ ಒಂದು ಧಗೆ ಎದ್ದು ಕುತ್ತಿಗೆಗೆ, ಮುಖಕ್ಕೆ ಏರಿತು. ಶಾಲು ತೆಗೆದೆ, ಕಿಟಕಿ ಸರಿಸಿದೆ. ಹಿಂದಿನ ಸೀಟಿನವರು "ಅಮ್ಮಾ, ಚಳಿ, ಕಿಟಕಿ ಹಾಕಿ" ಅಂದರು. ಹಾಕುವಷ್ಟರಲ್ಲಿ ರವಿಕೆಯ ಬೆನ್ನು ಒದ್ದೆ. ಎರಡು ನಿಮಿಷಕ್ಕೆ ನಾನೇ ಚಳಿಗೆ ನಡುಗುತ್ತಾ ಶಾಲು ಹೊದ್ದುಕೊಂಡೆ. ಜ್ವರ ಅಂದುಕೊಂಡಿದ್ದೆ.

ಗೀಸರಿನಲ್ಲಿ ನೀರು ಕಾದರೆ ತಾನೇ ಆಫ್ ಆಗುತ್ತದಲ್ಲ, ಮೆದುಳಿನಲ್ಲೂ ಮೈಯ ಬಿಸಿ ನೋಡಿಕೊಳ್ಳುವ ಅಂಥದೊಂದು ಜಾಗ ಇದೆ. ಈಸ್ಟ್ರೋಜೆನ್ ಇಳಿದಾಗ ಅದು ಸೂಕ್ಷ್ಮವಾಗಿಬಿಡುತ್ತದೆ. ಚೂರು ಬಿಸಿ ಏರಿದರೂ "ಕಾದು ಹೋಯಿತು" ಅಂತ ಚರ್ಮದ ರಕ್ತನಾಳ ತೆರೆದು ಬೆವರು ಸುರಿಸುತ್ತದೆ. ಒಂದೊಂದು ಸಲಕ್ಕೆ ಒಂದರಿಂದ ಐದು ನಿಮಿಷ. ಅಪಾಯವಿಲ್ಲ. ಆದರೆ ಒಂದೆರಡು ತಿಂಗಳಲ್ಲಿ ಹೋಗುತ್ತದೆ ಅಂದುಕೊಳ್ಳಬೇಡಿ. ಬಹಳ ಜನರಿಗೆ ಏಳೆಂಟು ವರ್ಷ ಬಂದುಹೋಗುತ್ತಿರುತ್ತದೆ.

ಏನು ಮಾಡಬಹುದು? ತೆಳು ಹತ್ತಿ ಬಟ್ಟೆ, ಬೇಕೆಂದಾಗ ತೆಗೆಯಲು ಮೇಲೊಂದು ಪದರ. ಹಾಸಿಗೆ ಪಕ್ಕ ಒಂದು ತಂಬಿಗೆ ನೀರು, ಒದ್ದೆಯಾದರೆ ಬದಲಿಸಲು ಇನ್ನೊಂದು ನೈಟಿ. ರೇಷ್ಮೆ ಸೀರೆ ಉಟ್ಟು ಛತ್ರದಲ್ಲಿ ಕೂರಬೇಕಾದರೆ ಫ್ಯಾನ್ ಕೆಳಗಿನ ಕುರ್ಚಿ ಮೊದಲೇ ಹಿಡಿಯಿರಿ, ಅದರಲ್ಲಿ ನಾಚಿಕೆ ಏನಿದೆ? ಸುಡು ಸುಡು ಕಾಫಿ, ಖಾರದ ಊಟ ಆದ ಮೇಲೆ ಬರುತ್ತಿದೆಯಾ ಅಂತ ಡೈರಿಯಲ್ಲಿ ನೋಡಿ. ಎಲ್ಲರಿಗೂ ಒಂದೇ ಕಾರಣ ಇರುವುದಿಲ್ಲ. ನನಗೆ ಸಂಜೆಯ ಕಾಫಿ ಬಿಟ್ಟದ್ದು ನಿದ್ದೆಗೂ ಸಹಾಯವಾಯಿತು. ತೂಕ ಜಾಸ್ತಿ ಇದ್ದವರಿಗೆ ಸ್ವಲ್ಪ ಇಳಿದರೂ ಧಗೆ ಕಡಿಮೆಯಾಗುತ್ತದೆ. ದಿನಕ್ಕೆ ಹತ್ತು ಸಲ ಬಂದು ಕೆಲಸ ಮಾಡಲಾಗದಿದ್ದರೆ ಸಹಿಸಬೇಡಿ, ಔಷಧಿ ಇದೆ. ಮುಂದೆ ಹೇಳುತ್ತೇನೆ.

ಎರಡು ಕಡೆ "ಇದ್ದದ್ದೇ" ಅನ್ನುವ ಹಾಗಿಲ್ಲ. ರಾತ್ರಿ ಬೆವರಿನ ಜೊತೆ ಜ್ವರ, ಕೆಮ್ಮು, ತೂಕ ಇಳಿಯುವುದು ಇದ್ದರೆ ಕ್ಷಯದ ಪರೀಕ್ಷೆ ಆಗಬೇಕು. ಬೆವರಿನ ಜೊತೆ ಎದೆ ಭಾರ, ದವಡೆ ಅಥವಾ ಬೆನ್ನು ನೋವು, ಉಸಿರು ಕಟ್ಟಿದ ಹಾಗೆ ಆದರೆ ಅದು ಹೃದಯದ್ದು ಇರಬಹುದು. ತಡಮಾಡದೆ 108ಕ್ಕೆ ಫೋನ್ ಮಾಡಿ, ಇಸಿಜಿ ಆಗಲಿ.

ಮನಸ್ಸಿನ ವಿಷಯವನ್ನು ಇಲ್ಲೇ ಹೇಳುತ್ತೇನೆ, ಏಕೆಂದರೆ ನಿದ್ದೆ ಕೆಟ್ಟರೆ ಮನಸ್ಸೂ ಕೆಡುತ್ತದೆ. ಈ ವರ್ಷಗಳಲ್ಲಿ ಸಿಟ್ಟು, ಮರೆವು, ಬೇಸರ ಬಹಳ ಜನರಿಗೆ ಬರುತ್ತದೆ. ಎರಡು ವಾರ ದಾಟಿದರೂ ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416. ಯಾವ ಹೊತ್ತಿನಲ್ಲಾದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

5. ಯಾರಿಗೂ ಹೇಳದ ತೊಂದರೆ

ಧಗೆ ಒಂದು ದಿನ ನಿಲ್ಲುತ್ತದೆ. ಯೋನಿಯ ಒಣಗುವಿಕೆ ಹಾಗಲ್ಲ, ಬಿಟ್ಟರೆ ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತದೆ. ಉರಿ, ತುರಿಕೆ, ಸಂಪರ್ಕದಲ್ಲಿ ನೋವು, ಮೇಲಿಂದ ಮೇಲೆ ಉರಿಮೂತ್ರ, ಕೆಮ್ಮಿದರೆ ಸೀನಿದರೆ ಮೂತ್ರ ಜಿನುಗುವುದು, ಇವೆಲ್ಲ ಈಸ್ಟ್ರೋಜೆನ್ ಇಳಿದಾಗ ಬರುವ ಒಂದೇ ಗುಂಪಿನ ತೊಂದರೆಗಳು. ಎಷ್ಟೋ ಹೆಂಗಸರು ಮದುವೆ, ಪ್ರವಾಸ ಬಿಡುತ್ತಾರೆ, ದಾರಿಯಲ್ಲಿ ಬಾತ್‌ರೂಮ್ ಸಿಗುವುದಿಲ್ಲ ಅಂತ ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದರಿಂದ ಸೋಂಕು ಇನ್ನೂ ಜಾಸ್ತಿ.

ಒಳಗೆ ಸೋಪು, ಡೆಟಾಲ್ ಹಾಕಿ ತೊಳೆಯಬೇಡಿ, ಬರೀ ನೀರು ಸಾಕು. ಸಂಪರ್ಕಕ್ಕೆ ಮುಂಚೆ ನೀರಿನಂಶದ ಜೆಲ್ ಬಳಸಬಹುದು, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದಕ್ಕೂ ಬಗ್ಗದಿದ್ದರೆ ಡಾಕ್ಟರ್ ಈಸ್ಟ್ರೋಜೆನ್ ಕ್ರೀಮ್ ಬರೆಯುತ್ತಾರೆ. ಅಲ್ಲಿಗಷ್ಟೇ ಹಚ್ಚುವುದರಿಂದ ರಕ್ತಕ್ಕೆ ಹೋಗುವುದು ಬಹಳ ಕಡಿಮೆ. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ಮೊದಲು ತಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳಬೇಕು.

ಮೂತ್ರ ಜಿನುಗುವುದಕ್ಕೆ ಒಂದು ವ್ಯಾಯಾಮವಿದೆ. ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನು ಐದು ಎಣಿಸುವ ತನಕ ಬಿಗಿಹಿಡಿದು ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬೇಡಿ. ಕುಕ್ಕರ್ ಕೂಗುವುದಕ್ಕೆ ಕಾಯುವಾಗ ಮಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಮೂರು ತಿಂಗಳಾದರೂ ಬಿಡದೆ ಮಾಡಬೇಕು.

6. ನಿಂತ ಮೇಲೆ ಒಂದು ಹನಿ ಕಂಡರೂ

ನಮ್ಮ ದೊಡ್ಡಮ್ಮನಿಗೆ ಮುಟ್ಟು ನಿಂತು ನಾಲ್ಕು ವರ್ಷವಾಗಿತ್ತು. ಒಂದು ದಿನ ಸೀರೆಯಲ್ಲಿ ಕಲೆ ಕಂಡಿತು. ನೋವಿಲ್ಲ, ಏನಿಲ್ಲ. "ಮತ್ತೆ ಶುರುವಾಯಿತಲ್ಲ" ಅಂದುಕೊಂಡು ಹಳೇ ಸೀರೆ ಹರಿದು ಬಟ್ಟೆ ಮಾಡಿಕೊಂಡರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಗೆದು ಹಿತ್ತಿಲ ಹಗ್ಗದ ಮೇಲೆ, ಟವೆಲಿನ ಕೆಳಗೆ ಒಣಹಾಕುತ್ತಿದ್ದರು. ಸೊಸೆ ಆ ಬಟ್ಟೆ ನೋಡುವ ಹೊತ್ತಿಗೆ ಎಂಟು ತಿಂಗಳಾಗಿತ್ತು. ಗರ್ಭಕೋಶದ ಒಳಪದರದ ಕ್ಯಾನ್ಸರ್. ಆಪರೇಷನ್ ಆಯಿತು, ರೇಡಿಯೇಷನ್ ಆಯಿತು, ಈಗ ಚೆನ್ನಾಗಿದ್ದಾರೆ. ಮೊದಲ ತಿಂಗಳಲ್ಲೇ ಹೇಳಿದ್ದರೆ ಬರೀ ಆಪರೇಷನ್ನಿನಲ್ಲೇ ಮುಗಿಯುತ್ತಿತ್ತೇನೋ.

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. 12 ತಿಂಗಳು ಮುಟ್ಟಿಲ್ಲದೆ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ಬರೀ ಕಂದು ಕಲೆ ಕಂಡರೂ, ನೋವಿಲ್ಲದಿದ್ದರೂ, ಒಂದೇ ಸಲ ಆಗಿ ನಿಂತಿದ್ದರೂ ತೋರಿಸಿ. ಹಾಗೆ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ, ಒಳಗೆ ಒಣಗಿ ತೆಳುವಾದದ್ದೇ ಕಾರಣವಾಗಿರುತ್ತದೆ. ಆದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರಬಹುದು. ಮೊದಲು ಸ್ಕ್ಯಾನಿಂಗಿನಲ್ಲಿ ಒಳಪದರ ಎಷ್ಟು ದಪ್ಪ ಅಂತ ಅಳೆಯುತ್ತಾರೆ. 4 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಬೇಗ ಸಿಕ್ಕಿದರೆ ಬಹುಪಾಲು ವಾಸಿಯಾಗುವ ಕ್ಯಾನ್ಸರ್ ಇದು.

ಸ್ತನ ಮತ್ತು ಗರ್ಭಕೊರಳಿನ ತಪಾಸಣೆಯನ್ನೂ ಮುಟ್ಟು ನಿಂತಿತು ಅಂತ ನಿಲ್ಲಿಸಬೇಡಿ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವಯಸ್ಸಿನವರಿಗೆ ಇದು ಉಚಿತ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

7. ಸದ್ದಿಲ್ಲದೆ ಸವೆಯುವ ಮೂಳೆ, ಏರುವ ಬಿಪಿ

ಕೊನೆಯ ಮುಟ್ಟಿನ ಹಿಂದುಮುಂದಿನ ವರ್ಷಗಳಲ್ಲಿ ಮೂಳೆ ಬಲು ಬೇಗ ಸವೆಯುತ್ತದೆ. ನೋವು ಕೊಡುವುದಿಲ್ಲ, ಹಾಗಾಗಿ ತಿಳಿಯುವುದಿಲ್ಲ. ಬಚ್ಚಲಲ್ಲಿ ಜಾರಿ ಕೈ ಊರಿದಾಗ ಮಣಿಕಟ್ಟು ಮುರಿದರೆ ಆಗ ಗೊತ್ತಾಗುತ್ತದೆ.

ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ನಮ್ಮ ಊಟದಲ್ಲಿ ಇದು ಕಷ್ಟವಲ್ಲ. 100 ಗ್ರಾಂ ರಾಗಿಹಿಟ್ಟಿನಲ್ಲಿ, ಅಂದರೆ ಎರಡು ಸಣ್ಣ ಮುದ್ದೆಯಲ್ಲಿ, ಸುಮಾರು 350. ಹಾಲು ಮೊಸರು ಸೇರಿ ಎರಡು ಲೋಟಕ್ಕೆ 450ರಿಂದ 500. ಒಂದು ದೊಡ್ಡ ಚಮಚ ಎಳ್ಳಿನ ಚಟ್ನಿಪುಡಿಯಲ್ಲಿ ನೂರರ ಹತ್ತಿರ. ಉಳಿದದ್ದು ಸೊಪ್ಪು, ಹುರುಳಿ, ಕಾಳಿನ ಸಾರಿನಲ್ಲಿ. ಮಕ್ಕಳಿಗೆ, ಗಂಡನಿಗೆ ಹಾಲು ಕೊಟ್ಟು ತಾವು ಡಿಕಾಕ್ಷನ್ ಕುಡಿಯುವ ಹೆಂಗಸರೇ ನಮ್ಮಲ್ಲಿ ಜಾಸ್ತಿ. ಒಂದು ಲೋಟ ನಿಮಗೂ ಎತ್ತಿಟ್ಟುಕೊಳ್ಳಿ. ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುವುದಾದರೆ ಕಬ್ಬಿಣದ ಮಾತ್ರೆ ಜೊತೆ ನುಂಗಬೇಡಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಡಿ ವಿಟಮಿನ್ ಕಡಿಮೆ ಇದ್ದರೆ ಕ್ಯಾಲ್ಸಿಯಂ ತಿಂದರೂ ಮೈಗೆ ಹತ್ತುವುದಿಲ್ಲ, ಅದನ್ನು ಒಮ್ಮೆ ಪರೀಕ್ಷೆ ಮಾಡಿಸಿ.

ನಡಿಗೆ ಒಳ್ಳೆಯದು, ಆದರೆ ಮೂಳೆಗೆ ಅದೊಂದೇ ಸಾಲದು. ಭಾರ ಬೀಳಬೇಕು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಮೆಟ್ಟಿಲು ಹತ್ತುವುದು, ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು ಕೈ ಎತ್ತುವುದು. ವಾರಕ್ಕೆ ಎರಡು ಮೂರು ದಿನವಾದರೂ. 65 ದಾಟಿದವರು ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕು. ಬೇಗ ಮುಟ್ಟು ನಿಂತವರು, ಸ್ವಲ್ಪ ಬಿದ್ದದ್ದಕ್ಕೇ ಮೂಳೆ ಮುರಿದವರು, ಬಹಳ ದಿನ ಸ್ಟೀರಾಯ್ಡ್ ತಿಂದವರು ಅಷ್ಟು ಕಾಯಬಾರದು.

ಈಸ್ಟ್ರೋಜೆನ್ ಹೃದಯಕ್ಕೂ ಕಾವಲಿತ್ತು. ಅದು ಹೋದ ಮೇಲೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ಕೊಬ್ಬು ತೊಡೆ ಬಿಟ್ಟು ಹೊಟ್ಟೆಗೆ ಬರುತ್ತದೆ. ಎಲ್ಲ ರವಿಕೆಗಳ ಹೊಲಿಗೆ ಒಟ್ಟಿಗೆ ಬಿಚ್ಚಿಸಬೇಕಾಗಿ ಬಂದರೆ ಟೇಪು ತಂದು ಸೊಂಟ ಅಳೆಯಿರಿ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ.

8. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳಬಹುದಾ?

ಇದರ ಹೆಸರು ಕೇಳಿದರೆ ಜನ ಹೆದರುವುದಕ್ಕೆ ಕಾರಣವಿದೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನವನ್ನು ಸ್ತನ ಕ್ಯಾನ್ಸರ್, ಹೃದಯದ ತೊಂದರೆ ಕಂಡಿತು ಅಂತ ನಡುವೆಯೇ ನಿಲ್ಲಿಸಿದರು. ಪತ್ರಿಕೆಗಳಲ್ಲಿ ಬಂತು, ಜಗತ್ತಿನಾದ್ಯಂತ ಹೆಂಗಸರು ಮಾತ್ರೆ ಬಿಟ್ಟರು. ಆದರೆ ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಧಗೆಯಿಂದ ಒದ್ದಾಡುವ 48ರ ಹೆಂಗಸಿನ ಲೆಕ್ಕ ಬೇರೆ. 60ರ ಒಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಶುರುಮಾಡಿದರೆ, ತೊಂದರೆ ಜೋರಾಗಿರುವ ಆರೋಗ್ಯವಂತರಲ್ಲಿ ಬಹುಪಾಲು ಜನರಿಗೆ ಅಪಾಯಕ್ಕಿಂತ ಪ್ರಯೋಜನ ಜಾಸ್ತಿ ಅನ್ನುವುದು ಈಗಿನ ತಜ್ಞರ ನಿಲುವು. ಧಗೆಗೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಔಷಧಿ ಇಲ್ಲ.

ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಜೊತೆ ಪ್ರೊಜೆಸ್ಟರಾನ್ ಕೊಡಲೇಬೇಕು. ಇಲ್ಲದಿದ್ದರೆ ಒಳಪದರ ಬೆಳೆದು ಕ್ಯಾನ್ಸರಿನ ಅಪಾಯ. ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಹೃದಯಾಘಾತ, ಪಾರ್ಶ್ವವಾಯು ಆದವರು, ಲಿವರ್ ತೊಂದರೆ ಇರುವವರು, ಕಾರಣ ತಿಳಿಯದೆ ರಕ್ತ ಹೋಗುತ್ತಿರುವವರು ತೆಗೆದುಕೊಳ್ಳಬಾರದು. ಅಂಥವರಿಗೆ ಹಾರ್ಮೋನ್ ಅಲ್ಲದ ಮಾತ್ರೆಗಳಿವೆ. ಅಕ್ಕನಿಗೆ ಬರೆದ ಮಾತ್ರೆಯನ್ನು ತಂಗಿ ನುಂಗಬೇಡಿ. ನಾಟಿ ಪುಡಿ, ಕಷಾಯ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ.

9. ಡಾಕ್ಟರ ಹತ್ತಿರ ಹೋಗುವ ದಿನ

ಅಲ್ಲಿ ಸಿಗುವುದು ಐದು ಹತ್ತು ನಿಮಿಷ. ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಕೊನೆಯ ಮುಟ್ಟಿನ ತಾರೀಕು. ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್. ಅತಿ ಹೆಚ್ಚು ಕಾಡುವ ಎರಡು ತೊಂದರೆ, ಮೊದಲು ಅವನ್ನೇ ಹೇಳಿ. ನುಂಗುತ್ತಿರುವ ಎಲ್ಲ ಮಾತ್ರೆ. ಮನೆಯಲ್ಲಿ ತಾಯಿ, ಅಕ್ಕತಂಗಿಯರಿಗೆ ಸ್ತನ, ಅಂಡಾಶಯದ ಕ್ಯಾನ್ಸರ್ ಇತ್ತಾ. ಕ್ಯಾಲೆಂಡರಿನ ಆರು ಹಾಳೆಗಳ ಫೋಟೋ ಮೊಬೈಲಿನಲ್ಲಿ ಇರಲಿ.

ಗಂಡನೋ ಮಗನೋ ಜೊತೆಗೆ ಬಂದಿದ್ದರೆ, ಅವರ ಮುಂದೆ ಹೇಳಲಾಗದ್ದು ಇದ್ದರೆ, "ಡಾಕ್ಟರ ಹತ್ತಿರ ನಾನೊಬ್ಬಳೇ ಎರಡು ನಿಮಿಷ ಮಾತಾಡಬೇಕು" ಅಂತ ಹೊರಗೆ ಕೂರಿಸಿ. ನನ್ನ ಮಗಳು ಜೊತೆಗೆ ಬಂದ ದಿನ ನಾನು ಹಾಗೇ ಮಾಡಿದೆ. ಹೊರಗೆ ಬಂದ ಮೇಲೆ, ಬಸ್ ಸ್ಟಾಪಿನಲ್ಲಿ ನಿಂತು ಒಳಗೆ ಏನು ಕೇಳಿದೆ ಅನ್ನುವುದನ್ನು ಅವಳಿಗೂ ಹೇಳಿದೆ. ಅವಳಿಗೆ ಆಗ 27.